ಹೂತಿಟ್ಟ ಆಟಕ್ಕೆ ಬಂದ ಬೆಲೆ

ಇ.ಟಿ. ಎಂಬ ವಿಡಿಯೊ ಗೇಮಿನ ಎರಡು ಕಾರ್ಟ್ರಿಜ್‌ಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳಿ. ಎರಡೂ ಅಟಾರಿ ಕಂಪನಿ 1982ರಲ್ಲಿ ಹೊರತಂದ ಆಟದವೇ. ಎರಡರೊಳಗೂ ಇರುವುದು ಅದೇ 8 ಕಿಲೋಬೈಟಿನ ಪ್ರೋಗ್ರಾಮು. ಒಂದರ ಲೇಬಲ್ ಹೊಳೆಯುತ್ತಿದೆ, ಕನ್ಸೋಲಿಗೆ ಚುಚ್ಚಿದರೆ ಇವತ್ತಿಗೂ ಓಡುತ್ತದೆ. ಅಮೆರಿಕದಲ್ಲಿ ಅಂಥದ್ದು ಹತ್ತಿಪ್ಪತ್ತು ಡಾಲರಿಗೆ ಸಿಗುತ್ತದೆ. ಇನ್ನೊಂದರ ಡಬ್ಬಿ ಜಜ್ಜಿಹೋಗಿದೆ, ಮೈತುಂಬ ಮಣ್ಣು, ಓಡೀತೆಂಬ ಭರವಸೆಯೂ ಇಲ್ಲ. 2014ರ ನವೆಂಬರಿನಲ್ಲಿ ಅಂಥದ್ದೊಂದನ್ನು ಹರಾಜಿನಲ್ಲಿ ಒಬ್ಬರು 1,535 ಡಾಲರ್ ಕೊಟ್ಟು ಕೊಂಡರು. ಆಗಿನ ಲೆಕ್ಕದಲ್ಲಿ ಅದು ಸುಮಾರು 95 ಸಾವಿರ ರೂಪಾಯಿ.

ಹಳೆಯ ವೈಜ್ಞಾನಿಕ ಕಲ್ಪನೆಯ ಆಟವೊಂದು ಅಟ್ಟದ ಮೇಲಿನ ಪೆಟ್ಟಿಗೆಯಲ್ಲೋ ಪರದೇಶದಲ್ಲಿರುವ ನೆಂಟರ ಗ್ಯಾರೇಜಿನಲ್ಲೋ ಕಣ್ಣಿಗೆ ಬಿದ್ದಾಗ ಮೊದಲು ಹುಟ್ಟುವ ಪ್ರಶ್ನೆ, ಇದಕ್ಕೆ ಎಷ್ಟು ಬಂದೀತು ಎಂಬುದೇ. ಉತ್ತರ ಹುಡುಕುವ ದಾರಿಯನ್ನು ಇ.ಟಿ.ಯಷ್ಟು ಚೆನ್ನಾಗಿ ತೋರಿಸಿಕೊಡುವ ಆಟ ಇನ್ನೊಂದನ್ನು ನಾನು ಕಾಣೆ. ಹೆಸರು, ವಯಸ್ಸು, ಕತೆ, ಸ್ಥಿತಿ ಎಂದು ನಾವು ಬೆಲೆ ಕಟ್ಟುವಾಗ ನೆಚ್ಚಿಕೊಳ್ಳುವ ಎಲ್ಲವೂ ಈ ಆಟದಲ್ಲಿ ಒಂದೊಂದಾಗಿ ಕೈಕೊಡುತ್ತವೆ. ಕೊನೆಗೆ ಗಟ್ಟಿಯಾಗಿ ನಿಲ್ಲುವುದು, ಈ ವಸ್ತು ಎಲ್ಲಿಂದ ಬಂತು ಎಂಬುದಕ್ಕೆ ಜೊತೆಗಿರುವ ಸಾಕ್ಷಿ.

ಸ್ಟೀವನ್ ಸ್ಪಿಲ್‌ಬರ್ಗ್ ಅವರ ಇ.ಟಿ. ಚಿತ್ರ ತೆರೆಕಂಡದ್ದು 1982ರ ಜೂನ್‌ನಲ್ಲಿ. ಭೂಮಿಯಲ್ಲಿ ಉಳಿದುಹೋದ ಅನ್ಯಗ್ರಹದ ಪ್ರಾಣಿಯನ್ನು ಜಗತ್ತಿನ ಮಕ್ಕಳೆಲ್ಲ ಪ್ರೀತಿಸಿದರು. ಅಟಾರಿಯ ಒಡೆತನ ಆಗ ವಾರ್ನರ್ ಕಮ್ಯುನಿಕೇಷನ್ಸ್ ಕೈಯಲ್ಲಿತ್ತು. ಚಿತ್ರದ ಆಟ ಮಾಡುವ ಹಕ್ಕಿಗೆ ಎರಡು ಕೋಟಿ ಡಾಲರಿಗೂ ಹೆಚ್ಚು ಸುರಿದರು ಎಂಬ ವರದಿಗಳಿವೆ. ಮಾತುಕತೆ ಮುಗಿಯುವ ಹೊತ್ತಿಗೆ ಜುಲೈ ಕಳೆಯುತ್ತ ಬಂದಿತ್ತು. ಕ್ರಿಸ್‌ಮಸ್ ಹೊತ್ತಿಗೆ ಅಂಗಡಿಯಲ್ಲಿ ಇರಬೇಕೆಂದರೆ ಸೆಪ್ಟೆಂಬರ್ 1ಕ್ಕೆ ಪ್ರೋಗ್ರಾಮು ಸಿದ್ಧವಾಗಿರಬೇಕು. ಕೆಲಸ ಹೊವಾರ್ಡ್ ಸ್ಕಾಟ್ ವಾರ್ಶಾ ಎಂಬ ಯುವಕನ ಹೆಗಲೇರಿತು. ಯಾರ್ಸ್ ರಿವೆಂಜ್ ಎಂಬ ಸೊಗಸಾದ ಬಾಹ್ಯಾಕಾಶದ ಆಟ ಬರೆದು ಅವರು ಆಗಲೇ ಹೆಸರು ಮಾಡಿದ್ದರು. ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕೆಲಸಕ್ಕೆ ಅವರಿಗೆ ಸಿಕ್ಕದ್ದು ಐದು ವಾರ.

ಆ ಯಂತ್ರ ಎಂಥದ್ದೆಂದು ತಿಳಿದರೆ ಐದು ವಾರದ ಭಾರ ಅರ್ಥವಾಗುತ್ತದೆ. 1977ರಲ್ಲಿ ಬಂದ ಅಟಾರಿ 2600 ಕನ್ಸೋಲಿನ ಕೆಲಸದ ಸ್ಮೃತಿ ಬರೀ 128 ಬೈಟು; ಈಗ ನೀವು ಓದುತ್ತಿರುವ ಈ ಒಂದು ವಾಕ್ಯವನ್ನು ಇವತ್ತಿನ ಕಂಪ್ಯೂಟರಿನಲ್ಲಿ ಬರೆದಿಟ್ಟರೆ ಅದನ್ನು ಮೀರಿಬಿಡುತ್ತದೆ. ಅಷ್ಟರಲ್ಲೇ ವಾರ್ಶಾ ಆರು ಬಯಲುಗಳ ಒಂದು ಜಗತ್ತು ಕಟ್ಟಿದರು. ಗುಂಡಿಗಳಲ್ಲಿ ಅಡಗಿರುವ ಫೋನಿನ ಮೂರು ತುಂಡುಗಳನ್ನು ಇ.ಟಿ. ಹುಡುಕಬೇಕು, ಬೆನ್ನಟ್ಟುವ ಎಫ್‌ಬಿಐ ಏಜೆಂಟ್ ಮತ್ತು ವಿಜ್ಞಾನಿಯಿಂದ ತಪ್ಪಿಸಿಕೊಳ್ಳಬೇಕು, ಮನೆಗೆ ಕರೆಮಾಡಿ ಆಕಾಶನೌಕೆ ಬರುವಲ್ಲಿಗೆ ಸಮಯಕ್ಕೆ ತಲುಪಬೇಕು. ಜಗತ್ತಿನ ಅತಿ ಕೆಟ್ಟ ಆಟವೆಂದು ಅದಕ್ಕೆ ಹಚ್ಚಿದ ಹಣೆಪಟ್ಟಿ ಅನ್ಯಾಯದ್ದೆಂದೇ ನನ್ನ ಅಭಿಪ್ರಾಯ. ಗುಂಡಿಗೆ ಮತ್ತೆಮತ್ತೆ ಬೀಳುವುದು ರೇಜಿಗೆ ಹುಟ್ಟಿಸುತ್ತದೆ, ನಿಜ. ಆದರೆ ಪರದೆಯ ಮೇಲ್ಭಾಗದಲ್ಲಿ ಬದಲಾಗುವ ಗುರುತುಗಳಿಗೆ ಏನರ್ಥ ಎಂಬುದು ಡಬ್ಬಿಯಲ್ಲಿದ್ದ ಪುಸ್ತಿಕೆಯಲ್ಲಿತ್ತು. ಅದನ್ನು ಓದದೆ ಆಡಿದವರಿಗೆ ತಲೆಬುಡ ತಿಳಿಯದೆ ಹೋಯಿತು. ಸಂಗ್ರಾಹಕರು ಇದನ್ನು ನೆನಪಿಡಬೇಕು: ಈ ಆಟದ ಮಟ್ಟಿಗೆ ಪುಸ್ತಿಕೆ ಆಟದ್ದೇ ಒಂದು ಭಾಗ, ಅದಿಲ್ಲದ ಪ್ರತಿ ಅರ್ಧ ಪ್ರತಿ.

ಅಟಾರಿ ಸುಮಾರು 40 ಲಕ್ಷ ಕಾರ್ಟ್ರಿಜ್ ತಯಾರಿಸಿತು. ಮಾರಾಟವಾದದ್ದು 15 ಲಕ್ಷದಷ್ಟು ಎಂಬ ಅಂದಾಜಿದೆ. ಅಂಗಡಿಗಳಿಂದ ರಾಶಿರಾಶಿ ಸರಕು ಹಿಂದಿರುಗಿತು. ಅದೇ ಕಾಲಕ್ಕೆ ಅಮೆರಿಕದ ವಿಡಿಯೊ ಗೇಮ್ ಉದ್ಯಮವೇ ಕುಸಿಯತೊಡಗಿ, 1983ರಲ್ಲಿ ಅಟಾರಿ 50 ಕೋಟಿ ಡಾಲರಿಗೂ ಹೆಚ್ಚು ನಷ್ಟ ತೋರಿಸಿತು. ಒಂದು ಆಟವೇ ಉದ್ಯಮವನ್ನು ಮುಳುಗಿಸಿತೆಂಬ ಮಾತನ್ನು ನಂಬಬೇಡಿ. ಅಗತ್ಯಕ್ಕಿಂತ ಹೆಚ್ಚು ಸರಕು ತಯಾರಿಸುವ ಚಾಳಿ ಅದಕ್ಕೂ ಮುಂಚಿನದು. ಪ್ಯಾಕ್‌ಮ್ಯಾನ್ ಆಟದ ಕಾರ್ಟ್ರಿಜ್‌ಗಳನ್ನಂತೂ ಜನರ ಮನೆಗಳಲ್ಲಿದ್ದ ಕನ್ಸೋಲುಗಳಿಗಿಂತ ಹೆಚ್ಚು ಸಂಖ್ಯೆಯಲ್ಲಿ ಅಚ್ಚು ಹಾಕಿದ್ದರು.

1983ರ ಸೆಪ್ಟೆಂಬರಿನಲ್ಲಿ ಟೆಕ್ಸಾಸಿನ ಎಲ್ ಪಾಸೊ ಗೋದಾಮಿನಿಂದ ಹೊರಟ ಲಾರಿಗಳು ಪಕ್ಕದ ನ್ಯೂ ಮೆಕ್ಸಿಕೊ ರಾಜ್ಯದ ಅಲಮೊಗಾರ್ಡೊ ಊರಿನ ಕಸದ ಗುಂಡಿಗೆ ಸರಕು ಸುರಿದವು. ಮೇಲೆ ರೋಲರ್ ಹಾಯಿಸಿ, ಕಾಂಕ್ರೀಟು ಸುರಿದು ಮುಚ್ಚಿದರು. ಆಗಲೇ ಪತ್ರಿಕೆಗಳಲ್ಲಿ ಸುದ್ದಿ ಬಂದಿದ್ದರೂ ವರ್ಷ ಕಳೆದಂತೆ ಅದು ದಂತಕಥೆಯಾಯಿತು. ಲಕ್ಷಗಟ್ಟಲೆ ಇ.ಟಿ. ಹೂತಿದ್ದಾರೆ ಅಂತ ಕೆಲವರು, ಇದೆಲ್ಲ ಕಟ್ಟುಕತೆ ಅಂತ ಇನ್ನು ಕೆಲವರು. 2014ರ ಏಪ್ರಿಲ್ 26ರಂದು ಸಾಕ್ಷ್ಯಚಿತ್ರ ತಂಡವೊಂದು ಆ ನೆಲ ಅಗೆಸಿತು. ನೋಡಲು ಬಂದ ಜನಸಂದಣಿಯಲ್ಲಿ ವಾರ್ಶಾ ಕೂಡ ಇದ್ದರು. ಸರಕು ಎಣಿಸಿದ್ದಕ್ಕಿಂತ ಆಳದಲ್ಲಿದ್ದ ಕಾರಣ ಮೇಲೆತ್ತಲು ಆದದ್ದು 1,300ರಷ್ಟು ಮಾತ್ರ. ಹೂತದ್ದು ಏಳು ಲಕ್ಷಕ್ಕೂ ಹೆಚ್ಚೆಂದು ಅಟಾರಿಯ ಹಿಂದಿನ ಅಧಿಕಾರಿಯೊಬ್ಬರು ಅಲ್ಲಿ ಹೇಳಿದರು. ಮೇಲೆ ಬಂದವುಗಳಲ್ಲಿ ಇ.ಟಿ. ಸಣ್ಣ ಪಾಲು. ಉಳಿದವು ಡಿಫೆಂಡರ್, ಯಾರ್ಸ್ ರಿವೆಂಜ್, ಮಿಸೈಲ್ ಕಮಾಂಡ್, ಆಸ್ಟರಾಯ್ಡ್ಸ್ ಮುಂತಾದ ಬೇರೆ ಆಟಗಳು.

ಇಲ್ಲಿಂದಾಚೆ ಅಲಮೊಗಾರ್ಡೊ ಆಡಳಿತ ಮಾಡಿದ ಕೆಲಸವೇ ಸಂಗ್ರಾಹಕರಿಗೆ ನಿಜವಾದ ಪಾಠ. ಕಸದಿಂದ ಎದ್ದ ಪ್ರತಿಯೊಂದು ಕಾರ್ಟ್ರಿಜ್‌ಗೂ ಸಂಖ್ಯೆ ಕೊಟ್ಟು ಊರಿನ ಆಸ್ತಿಯೆಂಬ ಚೀಟಿ ಕಟ್ಟಿದರು, ಪ್ರಮಾಣಪತ್ರ ಬರೆದರು. ಕೆಲವನ್ನು ವಸ್ತುಸಂಗ್ರಹಾಲಯಗಳಿಗೆ ಕೊಟ್ಟರು. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಅಮೆರಿಕದ ಇತಿಹಾಸ ಸಂಗ್ರಹಾಲಯದಲ್ಲಿ ಒಂದಿದೆ. ಉಳಿದವನ್ನು ಕಂತುಕಂತಾಗಿ ಆನ್‌ಲೈನ್ ಹರಾಜಿಗಿಟ್ಟರು. 2015ರ ಸೆಪ್ಟೆಂಬರಿನ ಹೊತ್ತಿಗೆ 881 ಕಾರ್ಟ್ರಿಜ್ ಮಾರಿ ಸುಮಾರು 1,08,000 ಡಾಲರ್ ಬಂದಿತ್ತು. ಸರಾಸರಿ ಒಂದಕ್ಕೆ 120 ಡಾಲರಿನ ಆಸುಪಾಸು. ಅದೇ ಆಟ, ಅದೇ ಕಂಪನಿ, ಹಾಳಾದ ಸ್ಥಿತಿ. ಅದಕ್ಕೆ ಹತ್ತು ಪಟ್ಟು ಬೆಲೆ ತಂದುಕೊಟ್ಟದ್ದು ಆ ಚೀಟಿ ಮತ್ತು ಕಾಗದ. ಇವತ್ತು ಯಾರಾದರೂ ಹತ್ತು ಡಾಲರಿನ ಇ.ಟಿ.ಯನ್ನು ಹಿತ್ತಿಲಲ್ಲಿ ಹೂತು, ಒಂದು ಮಳೆಗಾಲ ಕಳೆದ ಮೇಲೆ ತೆಗೆದು ಅಲಮೊಗಾರ್ಡೊದ್ದೆಂದು ಮಾರಲು ಬಂದರೆ ಮಣ್ಣಿನ ಬಣ್ಣ ನೋಡಿ ಯಾರೂ ಪತ್ತೆಹಚ್ಚಲಾರರು. ಚೀಟಿಯ ಸಂಖ್ಯೆ ಪ್ರಮಾಣಪತ್ರದ ಸಂಖ್ಯೆಗೆ ತಾಳೆಯಾಗುತ್ತದೋ ಇಲ್ಲವೋ ಎಂಬುದೇ ನೋಡಬೇಕಾದ್ದು. ತಾಳೆಯಾಗದಿದ್ದರೆ ಅದು ಕೊಳೆಯಾದ ಹತ್ತು ಡಾಲರಿನ ಕಾರ್ಟ್ರಿಜ್ ಅಷ್ಟೇ.

ಅಪರೂಪ ಎಂದರೆ ಎಷ್ಟು ಅಪರೂಪ?

ಹಳೆಯದಾದ್ದರಿಂದ ಬೆಲೆಬಾಳುತ್ತದೆ ಎಂಬ ನಂಬಿಕೆಯನ್ನು ಮೊದಲು ಬಿಡಿ. ಸ್ಪೇಸ್ ಇನ್ವೇಡರ್ಸ್, ಆಸ್ಟರಾಯ್ಡ್ಸ್, ಡಿಫೆಂಡರ್, ಮಿಸೈಲ್ ಕಮಾಂಡ್ ಇವೆಲ್ಲ ನಲವತ್ತು ವರ್ಷ ದಾಟಿದ ವೈಜ್ಞಾನಿಕ ಕಲ್ಪನೆಯ ಆಟಗಳೇ. ಲಕ್ಷಗಟ್ಟಲೆ ಮಾರಿಹೋಗಿದ್ದರಿಂದ ಬಿಡಿ ಕಾರ್ಟ್ರಿಜ್ ಇಂದಿಗೂ ಒಂದು ಊಟದ ದುಡ್ಡಿಗೆ ಸಿಗುತ್ತದೆ. ಆಡಬೇಕೆಂಬ ಆಸೆಯಿರುವವರಿಗೆ ಇದು ಸಂತೋಷದ ಸಂಗತಿ.

ನಿಜವಾದ ಅಪರೂಪ ನೋಡಬೇಕೆಂದರೆ ಏರ್ ರೇಡ್ ಆಟ ನೋಡಿ. ಮೆನಾವಿಷನ್ ಎಂಬ ಹೆಸರಿನಲ್ಲಿ ಬಂದ ಈ ಗುಂಡು ಹಾರಿಸುವ ಆಟದ ಕಾರ್ಟ್ರಿಜ್ ನೀಲಿ ಬಣ್ಣದ್ದು, ಹಿಡಿಕೆ ಇಂಗ್ಲಿಷಿನ ಟಿ ಅಕ್ಷರದ ಆಕಾರದ್ದು. ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಪ್ರತಿಗಳಷ್ಟೇ ಪತ್ತೆಯಾಗಿವೆ. 2010ರಲ್ಲಿ ಡಬ್ಬಿ ಸಮೇತ ಒಂದು ಹೊರಬಂದಾಗ 31,600 ಡಾಲರಿಗೆ ಹೋಯಿತು. ಡಬ್ಬಿಯಿಲ್ಲದ ಪ್ರತಿಗಳು ಅದಕ್ಕಿಂತ ತೀರ ಕಡಿಮೆಗೆ ಕೈಬದಲಾಗಿದ್ದವು. ಒಂದು ರಟ್ಟಿನ ಡಬ್ಬಿಗೆ ಅಷ್ಟು ದುಡ್ಡೇ ಎಂದು ಅಚ್ಚರಿಯಾದೀತು. ಅಂಗಡಿಯಲ್ಲಿ ಕೊಂಡ ದಿನವೇ ಜನ ಬಿಸಾಡುತ್ತಿದ್ದದ್ದು ಡಬ್ಬಿಯನ್ನೇ. ಕಾರ್ಟ್ರಿಜ್ ಉಳಿಯಿತು, ರಟ್ಟು ಉಳಿಯಲಿಲ್ಲ. ಹೀಗಾಗಿ ಅಟಾರಿ ಕಾಲದ ಯಾವುದೇ ಆಟದಲ್ಲಿ ಡಬ್ಬಿ, ಪುಸ್ತಿಕೆ, ಒಳಗಿದ್ದ ಜಾಹೀರಾತಿನ ಕ್ಯಾಟಲಾಗು ಇವುಗಳ ಪಾಲು ಎಷ್ಟೋ ಸಲ ಆಟದ ಪಾಲಿಗಿಂತ ದೊಡ್ಡದು. ಖಾಲಿ ಡಬ್ಬಿ ಸಿಕ್ಕರೂ ಎಸೆಯಬೇಡಿ.

ಅಪರೂಪಕ್ಕೂ ಅಪಾಯಕ್ಕೂ ಇರುವ ನಂಟನ್ನು ಪೆಪ್ಸಿ ಇನ್ವೇಡರ್ಸ್ ತೋರಿಸುತ್ತದೆ. 1983ರಲ್ಲಿ ಕೋಕಾಕೋಲಾ ಕಂಪನಿ ತನ್ನ ಮಾರಾಟ ಸಿಬ್ಬಂದಿಯ ಸಮಾವೇಶಕ್ಕೆಂದು ಅಟಾರಿಯಿಂದ ಇದನ್ನು ಮಾಡಿಸಿಕೊಂಡಿತು. ಸ್ಪೇಸ್ ಇನ್ವೇಡರ್ಸ್‌ನ ಅನ್ಯಗ್ರಹಜೀವಿಗಳ ಜಾಗದಲ್ಲಿ ಪೆಪ್ಸಿ ಎಂಬ ಇಂಗ್ಲಿಷ್ ಅಕ್ಷರಗಳು ಸಾಲಾಗಿ ಇಳಿದುಬರುತ್ತವೆ. ತಯಾರಾದದ್ದು 125 ಪ್ರತಿ. ಅಂಗಡಿಗೆ ಹೋಗುವ ಸರಕಲ್ಲದ ಕಾರಣ ಅದಕ್ಕೆ ಡಬ್ಬಿಯೂ ಇಲ್ಲ, ಲೇಬಲ್ಲೂ ಇಲ್ಲ. ನೋಡಲು ಬರೀ ಕಪ್ಪು ಪ್ಲಾಸ್ಟಿಕ್ಕು. ಇದರ ಪ್ರೋಗ್ರಾಮು ಎಲ್ಲೆಡೆ ಹರಿದಾಡುತ್ತಿರುವುದರಿಂದ ಲೇಬಲ್ ಕಿತ್ತ ಯಾವುದೋ ಕಾರ್ಟ್ರಿಜ್‌ಗೆ ಅದನ್ನು ತುಂಬಿಬಿಡುವುದು ಬಲ್ಲವರಿಗೆ ಒಂದು ಸಂಜೆಯ ಕೆಲಸ. ಹೊರಗಿನ ನೋಟದಿಂದ ಅಸಲಿ ನಕಲಿ ಬೇರ್ಪಡಿಸಲಾಗದ ಇಂಥ ಆಟವನ್ನು ಅದು ಯಾವ ನೌಕರರ ಮನೆಯಿಂದ ಬಂತು, ನಡುವೆ ಯಾರ ಕೈ ದಾಟಿತು ಎಂಬ ವಿವರವಿಲ್ಲದೆ ಕೊಳ್ಳಲೇಬಾರದು. ಎಷ್ಟೇ ಅಗ್ಗಕ್ಕೆ ಕೊಡುತ್ತೇನೆಂದರೂ.

ಇನ್ನೊಂದು ವರ್ಗ ಪ್ರೋಟೊಟೈಪುಗಳದ್ದು, ಅಂದರೆ ಆಟ ಮಾರುಕಟ್ಟೆಗೆ ಬರುವ ಮುನ್ನ ಕಂಪನಿಯೊಳಗೆ ಪರೀಕ್ಷೆಗೆಂದು ಮಾಡಿದ ಪ್ರತಿಗಳು. ಇವುಗಳಲ್ಲಿ ಸಾಮಾನ್ಯವಾಗಿ ಅಳಿಸಿ ಬರೆಯಬಲ್ಲ ಚಿಪ್ಪು ಇರುತ್ತದೆ. ಚಿಪ್ಪಿನ ನೆತ್ತಿಯ ಮೇಲೆ ಗಾಜಿನ ಪುಟ್ಟ ಕಿಟಕಿ, ಅದರ ಮೇಲೆ ಅಂಟಿಸಿದ ಚೀಟಿ. ನೇರಳಾತೀತ ಬೆಳಕು ಆ ಕಿಟಕಿಯೊಳಗೆ ಹೊಕ್ಕರೆ ಬರಹ ಅಳಿಯುತ್ತದೆ. ಆದ್ದರಿಂದ ಚೀಟಿ ಕಿತ್ತು ನೋಡುವ ಚಪಲ ಬೇಡ. ಅಂಗಡಿಗೆ ಬಂದ ಕಾರ್ಟ್ರಿಜ್‌ಗಳ ಚಿಪ್ಪು ಕಾರ್ಖಾನೆಯಲ್ಲೇ ಅಚ್ಚಾದದ್ದು, ಅದಕ್ಕೆ ಈ ಭಯವಿಲ್ಲ. ನಲವತ್ತು ವರ್ಷದ ಮೇಲೂ ಬಹುಪಾಲು ಓಡುತ್ತಿರುವುದು ಅದರಿಂದಲೇ.

ಬೆಲೆ ನೋಡುವುದು ಹೇಗೆ

ಆನ್‌ಲೈನ್ ಮಾರುಕಟ್ಟೆಯಲ್ಲಿ ಇ.ಟಿ. ಎಂದು ಹುಡುಕಿದರೆ ಕಣ್ಣು ಕುಕ್ಕುವ ಅಂಕಿಗಳು ಕಾಣುತ್ತವೆ. ಒಬ್ಬರು ಐನೂರು ಡಾಲರ್ ಎಂದಿರುತ್ತಾರೆ, ಇನ್ನೊಬ್ಬರು ಐದು ಸಾವಿರ. ಅವು ಮಾರುವವರ ಆಸೆ. ಯಾರೂ ಅಷ್ಟು ಕೊಟ್ಟಿರುವುದಿಲ್ಲ. ಇಬೇ ಥರದ ತಾಣಗಳಲ್ಲಿ ಈಗಾಗಲೇ ಮಾರಿಹೋದ ವಸ್ತುಗಳನ್ನಷ್ಟೇ ತೋರಿಸುವ ಆಯ್ಕೆಯಿದೆ. ಅದನ್ನು ಒತ್ತಿ ಕಳೆದ ಎರಡು ಮೂರು ತಿಂಗಳ ಮಾರಾಟ ನೋಡಿ. ಒಂದೇ ಒಂದು ದೊಡ್ಡ ಮೊತ್ತಕ್ಕೆ ಮರುಳಾಗದೆ ನಡುವಿನ ಅಂಕಿ ಹಿಡಿಯಿರಿ. ಪ್ರೈಸ್‌ಚಾರ್ಟಿಂಗ್ ಎಂಬ ತಾಣ ಇಂಥ ಮಾರಾಟಗಳನ್ನು ಕಲೆಹಾಕಿ ಬಿಡಿ ಕಾರ್ಟ್ರಿಜ್, ಡಬ್ಬಿ-ಪುಸ್ತಿಕೆ ಸಮೇತ ಇರುವುದು, ಸೀಲು ಒಡೆಯದ್ದು ಎಂದು ಬೇರೆ ಬೇರೆಯಾಗಿ ತೋರಿಸುತ್ತದೆ. ಮೂರಕ್ಕೂ ಬೆಲೆ ಬೇರೆ. ಬಿಡಿ ಕಾರ್ಟ್ರಿಜ್ ಕೈಯಲ್ಲಿಟ್ಟುಕೊಂಡು ಸೀಲು ಒಡೆಯದ್ದರ ಬೆಲೆ ಕನಸುವುದೇ ಹೊಸಬರು ಸಾಮಾನ್ಯವಾಗಿ ಎಡವುವ ಜಾಗ.

ಸೀಲಿನ ವಿಷಯಕ್ಕೆ ಬಂದರೆ ನನ್ನದು ಖಡಾಖಂಡಿತ ಅಭಿಪ್ರಾಯ. 2021ರ ಜುಲೈನಲ್ಲಿ ಅಮೆರಿಕದ ಹೆರಿಟೇಜ್ ಹರಾಜು ಸಂಸ್ಥೆಯಲ್ಲಿ ಸೀಲು ಒಡೆಯದ ಸೂಪರ್ ಮಾರಿಯೊ 64 ಪ್ರತಿಯೊಂದು 15 ಲಕ್ಷ 60 ಸಾವಿರ ಡಾಲರಿಗೆ ಹೋಯಿತು. ಅದಕ್ಕೆ ಎರಡೇ ದಿನ ಹಿಂದೆ ಜೆಲ್ಡಾ ಆಟದ ಪ್ರತಿಯೊಂದು 8 ಲಕ್ಷ 70 ಸಾವಿರ ಡಾಲರ್ ಕಂಡಿತ್ತು. ಮಾರಿಯೊ 64 ಲಕ್ಷಾಂತರ ಮನೆಗಳಲ್ಲಿ ಇರುವ ಆಟ. ಅಲ್ಲಿ ಬೆಲೆ ಬಂದದ್ದು ಆ ಪ್ರತಿಯ ಡಬ್ಬಿಗೆ ಪರೀಕ್ಷಕ ಕಂಪನಿ ಕೊಟ್ಟ ಹತ್ತಕ್ಕೆ 9.8 ಅಂಕಕ್ಕೆ. ಕೊರೊನಾ ಕಾಲದ ಆ ಅಬ್ಬರ ಆಮೇಲೆ ಇಳಿಯಿತು, ಅಂಕ ಕೊಡುವ ವ್ಯವಸ್ಥೆಯ ಮೇಲೇ ಅಮೆರಿಕದಲ್ಲಿ ಮೊಕದ್ದಮೆ ಹೂಡಿದವರೂ ಇದ್ದಾರೆ. ಪ್ಲಾಸ್ಟಿಕ್ ಹೊದಿಕೆಯನ್ನು ಹೊಸದಾಗಿ ಸುತ್ತುವ ಯಂತ್ರ ಯಾರಿಗೆ ಬೇಕಾದರೂ ಸಿಗುತ್ತದೆ. ಸಾಮಾನ್ಯ ಓದುಗರು ಈ ಕಡೆಗೆ ತಲೆಹಾಕದಿರುವುದೇ ಲೇಸು. ಆಡಲೆಂದು ಮಾಡಿದ ವಸ್ತುವನ್ನು ಗಾಜಿನ ಹಾಗಿನ ಗಟ್ಟಿ ಡಬ್ಬಿಯಲ್ಲಿ ಸೆರೆಹಾಕಿ ಷೇರಿನಂತೆ ಮಾರುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ.

ಕೊಳ್ಳುವ ಮುನ್ನ ಮಾರುವವರಿಂದ ಹಗಲು ಬೆಳಕಿನಲ್ಲಿ ತೆಗೆದ ಫೋಟೊ ಕೇಳಿ. ಕಾರ್ಟ್ರಿಜ್‌ನ ಎದುರಿನ ಲೇಬಲ್, ತುದಿಯ ಪಟ್ಟಿಯಂಥ ಲೇಬಲ್, ಹಿಂಬದಿ, ಕೆಳಗಿನ ಬಾಯಿ, ಡಬ್ಬಿಯ ಆರೂ ಮುಖ, ಪುಸ್ತಿಕೆಯ ಮೊದಲ ಮತ್ತು ಕೊನೆಯ ಪುಟ, ಇಷ್ಟೂ ಬೇಕು. ತುದಿಯ ಲೇಬಲ್ ಮೊದಲು ಕಿತ್ತುಹೋಗುವ ಜಾಗ, ಬೆಲೆ ಇಳಿಯುವುದೂ ಅಲ್ಲಿಂದಲೇ. ಇ.ಟಿ.ಯ ಕ್ಯಾಟಲಾಗ್ ಸಂಖ್ಯೆ ಸಿಎಕ್ಸ್ 2674. ಡಬ್ಬಿ ಒಂದು ಆಟದ್ದು, ಕಾರ್ಟ್ರಿಜ್ ಇನ್ನೊಂದರದ್ದು ಆಗಿರುವುದುಂಟು, ಆದ್ದರಿಂದ ಸಂಖ್ಯೆ ಹೊಂದಿಸಿ ನೋಡಿ. ಅಟಾರಿಯೇ ತಯಾರಿಸಿದ ಕಾರ್ಟ್ರಿಜ್‌ಗಳ ಬಾಯಿಯಲ್ಲಿ ಸ್ಪ್ರಿಂಗಿನ ಧೂಳು ತಡೆ ಇರುತ್ತದೆ, ಒತ್ತಿದರಷ್ಟೇ ತಾಮ್ರದ ಸಂಪರ್ಕಗಳು ಕಾಣುತ್ತವೆ. ಕೂಡಿಸುವ ಸ್ಕ್ರೂ ಎದುರಿನ ಲೇಬಲ್ಲಿನ ಅಡಿಯಲ್ಲಿದೆ. ಒಳಗಿನ ಬೋರ್ಡಿನ ಫೋಟೊ ಕಳಿಸಿ ಎಂದು ಮಾಮೂಲಿ ಆಟಕ್ಕೆಲ್ಲ ಒತ್ತಾಯಿಸಿದರೆ ಲೇಬಲ್ ಹರಿಯುವುದೊಂದೇ ಲಾಭ. ಲೇಬಲ್ಲಿನ ನಡುವೆ ಸ್ಕ್ರೂ ಚುಚ್ಚಿದ ತೂತು ಕಂಡರೆ ಮಾತ್ರ ಹಿಂದೆ ಯಾರೋ ಬಿಚ್ಚಿದ್ದಾರೆಂದು ತಿಳಿದು ಕಾರಣ ಕೇಳಿ.

ಓಡದ ಕಾರ್ಟ್ರಿಜ್ ಸತ್ತಿದೆ ಎಂದುಕೊಳ್ಳಬೇಡಿ. ಬಹಳಷ್ಟು ಸಲ ತಾಮ್ರದ ಮೇಲೆ ಕಟ್ಟಿದ ಕಿಲುಬೇ ಕಾರಣ. ಔಷಧದಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹತ್ತಿಕಡ್ಡಿ ಅದ್ದಿ ಮೆಲ್ಲಗೆ ಒರೆಸಿ, ಪೂರ್ತಿ ಆರಿದ ಮೇಲೆ ಹಾಕಿ ನೋಡಿ. ಚಿಕ್ಕವರಿದ್ದಾಗ ನಾವೆಲ್ಲ ಬಾಯಿಂದ ಉಫ್ ಎಂದು ಊದುತ್ತಿದ್ದೆವು. ಉಸಿರಿನ ತೇವ ಕಿಲುಬನ್ನು ಹೆಚ್ಚಿಸುತ್ತದೆ, ಅದನ್ನು ಬಿಟ್ಟುಬಿಡಿ. ಲೇಬಲ್ಲಿನ ಮೇಲೆ ಹಳೆ ಅಂಗಡಿಯ ಬೆಲೆಚೀಟಿ ಅಂಟಿದ್ದರೆ ಉಜ್ಜಿ ತೆಗೆಯಲು ಹೋಗಬೇಡಿ. ಆ ಚೀಟಿಯೂ ಇತಿಹಾಸವೇ.

ನಮ್ಮ ಕಡೆಯ ಲೆಕ್ಕ

ಭಾರತದಲ್ಲಿ ಅಟಾರಿ 2600 ಮನೆಮಾತಾಗಲಿಲ್ಲ. ನಮ್ಮ ಬಾಲ್ಯದ ಟೀವಿ ಗೇಮು 1990ರ ದಶಕದ್ದು. ಸಮುರಾಯ್, ಲಿಟ್ಲ್ ಮಾಸ್ಟರ್ ಮುಂತಾದ ಹೆಸರಿನ ಯಂತ್ರಗಳು, ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿನಲ್ಲೋ ಎಸ್.ಪಿ. ರಸ್ತೆಯಲ್ಲೋ ಚೌಕಾಸಿ ಮಾಡಿ ತಂದ ಹಳದಿ, ಕೆಂಪು ಕ್ಯಾಸೆಟ್ಟುಗಳು, ಅವುಗಳ ಮೇಲೆ ಒಂದರಲ್ಲೇ ಸಾವಿರಾರು ಆಟ ಎಂಬ ಬರಹ. ಅನ್ಯಗ್ರಹದ ದೈತ್ಯರನ್ನು ಹೊಡೆದುರುಳಿಸುವ ಕಾಂಟ್ರಾ ಆಟವನ್ನು ಎಷ್ಟು ಮನೆಗಳಲ್ಲಿ ಆಡಿರಬಹುದೋ! ಆ ಕ್ಯಾಸೆಟ್ಟುಗಳಲ್ಲಿ ಬಹುತೇಕ ಎಲ್ಲವೂ ನಕಲು ಪ್ರತಿಗಳು. ಅಂತರರಾಷ್ಟ್ರೀಯ ಸಂಗ್ರಾಹಕರು ಅವಕ್ಕೆ ದೊಡ್ಡ ಬೆಲೆ ಕೊಡುವುದಿಲ್ಲ. ಹಾಗೆಂದು ಗುಜರಿಗೆ ಹಾಕಬೇಡಿ. ಭಾರತದಲ್ಲಿ ಅಚ್ಚಾದ ಡಬ್ಬಿ, ಇಲ್ಲಿನ ವಿಳಾಸವಿರುವ ವಾರಂಟಿ ಕಾರ್ಡು, ಅಂಗಡಿಯ ರಸೀತಿ ನಿಮ್ಮಲ್ಲಿದ್ದರೆ ಜೋಪಾನ ಮಾಡಿ. ನಮ್ಮ ದೇಶದ ವಿಡಿಯೊ ಗೇಮಿನ ಚರಿತ್ರೆಯನ್ನು ಯಾರೂ ಇನ್ನೂ ಸರಿಯಾಗಿ ಬರೆದಿಲ್ಲ. ಬರೆಯಲು ಕೂತವರಿಗೆ ಬೇಕಾಗುವುದು ಇಂಥ ಕಾಗದಗಳೇ.

ಅಟಾರಿಗೂ ಕನ್ನಡಿಗರಿಗೂ ಒಂದು ನಂಟು ಇನ್ನೊಂದು ದಿಕ್ಕಿನಿಂದ ಇದೆ. ಅಟಾರಿಯ ಕೇಂದ್ರ ಇದ್ದದ್ದು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ. ಆ ಊರು, ಅದರ ಸುತ್ತಲಿನ ಸಾಂಟಾ ಕ್ಲಾರಾ, ಕ್ಯೂಪರ್ಟಿನೊ ಈಗ ಸಾವಿರಾರು ಕನ್ನಡ ಕುಟುಂಬಗಳ ನೆಲೆ. ನಿಮ್ಮ ಮಗಳೋ ಭಾವನೋ ಅಲ್ಲಿದ್ದರೆ ಅವರಿಗೆ ಒಂದು ಮಾತು ಹೇಳಿಡಿ. ವಾರಾಂತ್ಯದಲ್ಲಿ ಆ ಬೀದಿಗಳಲ್ಲಿ ನಡೆಯುವ ಗ್ಯಾರೇಜ್ ಮಾರಾಟಗಳಲ್ಲಿ, ಹಿರಿಯರು ತೀರಿಕೊಂಡ ಮನೆಗಳನ್ನು ಖಾಲಿಮಾಡುವಾಗಿನ ಮಾರಾಟಗಳಲ್ಲಿ ಅಟಾರಿ ನೌಕರರ ಮನೆಯ ವಸ್ತುಗಳು ಬರಲು ಬೇರೆಲ್ಲ ಊರುಗಳಿಗಿಂತ ಅಲ್ಲಿ ಹೆಚ್ಚು ಅವಕಾಶ. ಲೇಬಲ್ಲಿಲ್ಲದ ಕಾರ್ಟ್ರಿಜ್, ಕೈಬರಹದ ಚೀಟಿ, ಕಂಪನಿಯ ಒಳಪತ್ರ ಕಣ್ಣಿಗೆ ಬಿದ್ದರೆ ಮಾರುವವರನ್ನು ವಿನಯದಿಂದ ಕೇಳಬೇಕು: ಇದು ನಿಮ್ಮ ಮನೆಗೆ ಹೇಗೆ ಬಂತು, ಮನೆಯಲ್ಲಿ ಯಾರು ಅಲ್ಲಿ ಕೆಲಸ ಮಾಡುತ್ತಿದ್ದರು, ಯಾವ ವಿಭಾಗದಲ್ಲಿ? ಅವರು ಒಪ್ಪಿದರೆ ನಾಲ್ಕು ಸಾಲು ಬರೆಸಿ, ದಿನಾಂಕ ಹಾಕಿಸಿ, ಸಹಿ ತೆಗೆದುಕೊಳ್ಳಿ. ವಸ್ತುವನ್ನು ಅದು ಇದ್ದ ಜಾಗದಲ್ಲೇ ಫೋಟೊ ತೆಗೆದಿಡಿ. ಹತ್ತು ನಿಮಿಷದ ಈ ಕೆಲಸ ಬಿಟ್ಟರೆ ಮುಂದೆ ಎಷ್ಟು ಖರ್ಚುಮಾಡಿದರೂ ಆ ಸಾಕ್ಷಿಯನ್ನು ಮತ್ತೆ ಹುಟ್ಟಿಸಲಾಗದು.

ಅಂಚೆಯಲ್ಲಿ ತರಿಸುವುದಾದರೆ ಸುಂಕದ ಲೆಕ್ಕ ಮೊದಲೇ ಹಾಕಿ. ವಸ್ತುವಿನ ಬೆಲೆಗೆ ಸಾಗಣೆ ವೆಚ್ಚ ಸೇರಿಸಿ ಅದರ ಮೇಲೆ ಸುಂಕ, ತೆರಿಗೆ ಬೀಳುತ್ತದೆ. ಕೊರಿಯರ್ ಕಂಪನಿ ತನ್ನ ಶುಲ್ಕವನ್ನೂ ಹಾಕೀತು. ಹತ್ತು ಡಾಲರಿನ ಆಟ ಮನೆ ತಲುಪುವಷ್ಟರಲ್ಲಿ ಹಲವು ಪಟ್ಟು ಆಗಿರುತ್ತದೆ. ಆದ್ದರಿಂದ ಅಗ್ಗದ ಆಟಗಳನ್ನು ಒಂದೊಂದಾಗಿ ತರಿಸುವುದು ದಂಡ. ಊರಿಗೆ ಬರುವ ನೆಂಟರ ಚೀಲದಲ್ಲಿ ನಾಲ್ಕೈದು ಕಾರ್ಟ್ರಿಜ್ ಬರುವುದು ಸಲೀಸು.

ಆಡುವ ಆಸೆಯಿದ್ದರೆ ಎರಡು ಎಚ್ಚರಿಕೆ. ಅಮೆರಿಕದ ಅಟಾರಿ ಕನ್ಸೋಲಿನ ಜೊತೆ ಬರುವ ಅಡಾಪ್ಟರ್ ಅಲ್ಲಿನ 120 ವೋಲ್ಟಿಗೆ ಮಾಡಿದ್ದು. ನಮ್ಮ 230 ವೋಲ್ಟಿನ ಪ್ಲಗ್ಗಿಗೆ ಹಾಕಿದರೆ ಸುಟ್ಟೇ ಹೋಗುತ್ತದೆ. 9 ವೋಲ್ಟ್ ಡಿಸಿ, 500 ಮಿಲಿಆಂಪಿನ ಅಡಾಪ್ಟರನ್ನು ಇಲ್ಲೇ ಕೊಂಡು, ಅದರ ಪಿನ್ನು ಸರಿಹೊಂದುತ್ತದೆಯೇ, ಪಿನ್ನಿನ ತುದಿ ಧನ ಧ್ರುವವೇ ಎಂದು ಎಲೆಕ್ಟ್ರಾನಿಕ್ಸ್ ಅಂಗಡಿಯವರಿಂದ ನೋಡಿಸಿ. ಇನ್ನೊಂದು, ಅಮೆರಿಕದ ಟೀವಿ ಪದ್ಧತಿ ಎನ್‌ಟಿಎಸ್‌ಸಿ, ನಮ್ಮದು ಪಾಲ್. ಒಂದು ಪದ್ಧತಿಯ ಕಾರ್ಟ್ರಿಜ್ ಇನ್ನೊಂದರ ಕನ್ಸೋಲಿನಲ್ಲಿ ಓಡಿದರೂ ಬಣ್ಣ ಅದಲುಬದಲಾಗುತ್ತದೆ, ಕೆಲವು ಟೀವಿಗಳಲ್ಲಿ ಚಿತ್ರ ಉರುಳುತ್ತದೆ. ಈ ತಾಪತ್ರಯ ಬೇಡವೆನ್ನುವವರಿಗೆ 2023ರ ನವೆಂಬರಿನಲ್ಲಿ ಬಂದ ಅಟಾರಿ 2600 ಪ್ಲಸ್ ಒಳ್ಳೆಯ ದಾರಿ. ಹಳೆಯ ಕಾರ್ಟ್ರಿಜ್‌ಗಳಲ್ಲಿ ಬಹುಪಾಲನ್ನು ಅದು ಓದುತ್ತದೆ, ಟೀವಿಗೆ ಎಚ್‌ಡಿಎಂಐ ತಂತಿ, ವಿದ್ಯುತ್ತಿಗೆ ಮೊಬೈಲ್ ಚಾರ್ಜರ್ ಸಾಕು.

ಕರಾವಳಿ, ಮಲೆನಾಡಿನವರು ಇಡುವ ಜಾಗದ ಬಗ್ಗೆ ಹೆಚ್ಚು ಗಮನ ಕೊಡಬೇಕು. ಮಂಗಳೂರಿನಲ್ಲೋ ತೀರ್ಥಹಳ್ಳಿಯಲ್ಲೋ ಆಷಾಢದ ಒಂದು ತಿಂಗಳು ರಟ್ಟಿನ ಡಬ್ಬಿಗೆ ಬೂಷ್ಟು ಹಿಡಿಸಲು ಧಾರಾಳ ಸಾಕು. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಮಳೆಗಾಲದಲ್ಲಿ ಆಗಾಗ ಅದನ್ನು ಬದಲಿಸುವುದು, ಇಷ್ಟು ಮಾಡಿದರೆ ಆಯಿತು. ಡಬ್ಬಿಯ ಮೇಲೆ ಡಬ್ಬಿ ಪೇರಿಸಬೇಡಿ, ನಿಲ್ಲಿಸಿಡಿ. ಪುಸ್ತಿಕೆಗೆ ಹೊಡೆದ ಪಿನ್ನು ತುಕ್ಕು ಹಿಡಿದು ಕಾಗದ ತಿನ್ನತೊಡಗಿದ್ದರೆ ಜಾಗ್ರತೆಯಿಂದ ತೆಗೆದು ಪುಸ್ತಿಕೆಯ ಜೊತೆಯಲ್ಲೇ ಸಣ್ಣ ಪೊಟ್ಟಣದಲ್ಲಿಡಿ. ಬಿಸಿಲು ಬೀಳುವ ಷೋಕೇಸಿನಲ್ಲಿ ಲೇಬಲ್ಲಿನ ಕೆಂಪು ಬಣ್ಣ ಮೊದಲು ಮಾಸುತ್ತದೆ, ಹೋದ ಬಣ್ಣ ಬರುವುದಿಲ್ಲ.

ಇಷ್ಟೆಲ್ಲ ಆದಮೇಲೆ ಮಾರುವುದೋ ಇಟ್ಟುಕೊಳ್ಳುವುದೋ? ಮಾಮೂಲಿ ಇ.ಟಿ. ಇದ್ದರೆ ಮಾರಿ ಗಿಟ್ಟುವುದು ಏನೂ ಇಲ್ಲ. ಇಟ್ಟುಕೊಳ್ಳಿ, ಪುಸ್ತಿಕೆ ಓದಿ, ಮಕ್ಕಳ ಜೊತೆ ಆಡಿ. ಒಣಗಿದ ಹೂವಿಗೆ ಜೀವ ಕೊಟ್ಟರೆ ಯಾರ್ಸ್ ರಿವೆಂಜ್‌ನ ಕೀಟ ಹಾರಿಬರುವಂತೆ ವಾರ್ಶಾ ಒಳಗೊಂದು ಗುಟ್ಟು ಅಡಗಿಸಿಟ್ಟಿದ್ದಾರೆ, ಅದನ್ನು ಹುಡುಕುವ ಖುಷಿಗೆ ಬೆಲೆ ಕಟ್ಟಬೇಕಾಗಿಲ್ಲ. ಅಪರೂಪದ್ದೇನೋ ಕೈಸೇರಿದೆ ಅನ್ನಿಸಿದರೆ ಅವಸರ ಮಾಡಬೇಡಿ. ತೊಳೆಯಬೇಡಿ, ಬಿಚ್ಚಬೇಡಿ, ಮೊದಲು ಕೇಳಿದವರಿಗೆ ಕೊಟ್ಟುಬಿಡಬೇಡಿ. ಫೋಟೊಗಳನ್ನೂ ಮೂಲದ ಬರಹವನ್ನೂ ಒಟ್ಟುಮಾಡಿ, ಹಳೆಯ ಮಾರಾಟಗಳೊಡನೆ ಹೋಲಿಸಿ, ಹರಾಜು ಸಂಸ್ಥೆಗಳಿಗೆ ಬರೆದು ಕೇಳಿ. ಅವರ ಕಮಿಷನ್ ಎಷ್ಟು, ಸಾಗಣೆ ವಿಮೆ ಯಾರ ಖರ್ಚು, ಮಾರಾಟವಾಗದಿದ್ದರೆ ವಾಪಸು ಕಳಿಸುವವರು ಯಾರು ಎಂಬ ಮೂರನ್ನೂ ಬರಹದಲ್ಲಿ ಪಡೆದ ಮೇಲೆಯೇ ವಸ್ತುವನ್ನು ಕೈಯಿಂದ ಬಿಡಿ.